ಆರನೇ ಭಾಗದ ಒಣ ನಾಲೆ

ಕೊತ್ತತ್ತಿಯ ಜಯಪ್ರಕಾಶ್ ನೀರುಗಂಟಿ. ನಾಲೆಯ ತೂಬು ಎತ್ತುವುದು, ಇಳಿಸುವುದು, ಯಾರ ಗದ್ದೆಗೆ ಯಾವಾಗ ನೀರು ಎಂದು ನೋಡಿಕೊಳ್ಳುವುದು ಅವನ ಕೆಲಸ. ಊರಿಗೆ ಗೊತ್ತಿರುವುದು ಇಷ್ಟೇ. ನಲವತ್ತು ದಾಟಿದ ಈ ಗಂಡಸು ಬಿಡುವಾದಾಗಲೆಲ್ಲ ಕಂಪ್ಯೂಟರ್ ಮುಂದೆ ಕೂತು ವೆಲ್ಮೋರಾ ಎಂಬ ಮಾಯಾಲೋಕದಲ್ಲಿ ಕತ್ತಿ ಬೀಸುತ್ತಾನೆ ಎಂದರೆ ಯಾರೂ ನಂಬುವುದಿಲ್ಲ. ನಂಬಿದವರು ನಗುತ್ತಾರೆ.

ನಾನು ನಗುವ ಹಾಗಿಲ್ಲ. ಮದ್ದೂರಿನಲ್ಲಿ ಬೈಕ್ ರಿಪೇರಿ ಮಾಡುವ ಶಾದಾಬ್ ನಾನು. ಇಪ್ಪತ್ತು ವರ್ಷದ ಹಿಂದೆ ಮಂಡ್ಯದ ಸೈಬರ್ ಸೆಂಟರಿನಲ್ಲಿ ಅವನಿಗೆ ಈ ಆಟದ ಹುಚ್ಚು ಹಿಡಿಸಿದವನೇ ನಾನು. ಈಗ ಒಂಬತ್ತು ಭಾಗ ಬಂದಿವೆ. ಒಂಬತ್ತೂ ಸೇರಿ ಒಂದೇ ಲೋಕದ ಕಥೆಯೋ, ಬೇರೆ ಬೇರೆಯೋ ಎಂದು ಜಗತ್ತಿನ ಅಭಿಮಾನಿಗಳೆಲ್ಲ ಇಂಟರ್ನೆಟ್ಟಿನಲ್ಲಿ ಜಗಳಾಡುತ್ತಾರೆ. ಎರಡನೇ ಭಾಗದಲ್ಲಿ ಹಸಿರು ರಾಜ್ಯ, ಆರನೇ ಭಾಗದಲ್ಲಿ ಒಣ ಬಯಲು. ಅದು ಬೇರೆಯೇ ಲೋಕ, ಮಾಟಗಾತಿಯ ಶಾಪಕ್ಕೆ ಸುಟ್ಟುಹೋಗಿದೆ ಎಂಬುದು ಎಲ್ಲರ ಮಾತು.

"ಸಾಪಾನೂ ಇಲ್ಲ ಮಣ್ಣೂ ಇಲ್ಲ ಕಣ್ಲಾ," ಎಂದ ಜಯಪ್ರಕಾಶ್. "ಎರಡೂ ಒಂದೇ ಸೀಮೆ. ಮೇಲ್ನೋರು ನೀರ್ ಬುಟ್ಟಿಲ್ಲ, ಕೆಳಗ್ನೋರು ಒಣಗವ್ರೆ."

ಮಿಕ್ಕವರು ಡ್ರ್ಯಾಗನ್ ಎಣಿಸುತ್ತಿದ್ದರೆ ಇವನು ತೂಬು ಎಣಿಸಿದ್ದ. ಹಸಿರು ರಾಜ್ಯದ ನಾಲೆಗೆ ಹದಿನಾಲ್ಕು ತೂಬು, ಒಣ ಬಯಲಿನ ಬತ್ತಿದ ನಾಲೆಗೂ ಹದಿನಾಲ್ಕು. ಐದನೆಯದರ ಚಪ್ಪಡಿ ಎರಡರಲ್ಲೂ ಎಡಕ್ಕೇ ಮುರಿದಿದೆ. ಎಂಟು ವರ್ಷ ಅವನು ಪುಟಗಟ್ಟಲೆ ಬರೆದ, ನಾನು ನನ್ನ ಡಿಪ್ಲೊಮಾ ಇಂಗ್ಲಿಷಿಗೆ ತಿರುಗಿಸಿ ಅಭಿಮಾನಿಗಳ ಗುಂಪಿನಲ್ಲಿ ಹಾಕಿದೆ. ಕೆಲವರು ಒಪ್ಪಿದರು, ಬಹಳ ಜನ ಗೇಲಿ ಮಾಡಿದರು. ಅವನು ಜಗ್ಗಲಿಲ್ಲ.

ಹೋದ ತಿಂಗಳು ಆಟ ಮಾಡಿದವರೇ ಅಭಿಮಾನಿಗಳ ಪ್ರಶ್ನೆಗೆ ಲೈವ್‌ನಲ್ಲಿ ಉತ್ತರ ಕೊಡುತ್ತೇವೆಂದರು. ಎರಡೂ ಒಂದೇ ಸೀಮೆಯೇ ಎಂಬ ನಮ್ಮ ಪ್ರಶ್ನೆ ಆಯ್ಕೆಯಾಯಿತು. ಜಯಪ್ರಕಾಶ್ ಒಗೆದ ಅಂಗಿ ತೊಟ್ಟು ನನ್ನ ಅಂಗಡಿಗೆ ಬಂದು ಕೂತ.

"'ನೀನ್ ಏಳಿದ್ದು ಸರಿ' ಅಂತ ಅವ್ರು ಅಂದ್ಬುಟ್ರೆ ಸಾಕು. ಇನ್ನೇನೂ ಬ್ಯಾಡ ನಂಗೆ," ಎಂದ.

ಫೋನಿನ ಪರದೆಯ ಮೇಲೆ ಗಡ್ಡದವನೊಬ್ಬ ನಮ್ಮ ಪ್ರಶ್ನೆ ಓದಿ ನಕ್ಕ. ಆರನೇ ಭಾಗಕ್ಕೆ ಸಮಯ ಸಾಲದಾಗಿತ್ತಂತೆ. ಎರಡನೇ ಭಾಗದ ನಕ್ಷೆಯನ್ನೇ ತೆಗೆದುಕೊಂಡು, ಹಸಿರು ಅಳಿಸಿ, ಮಣ್ಣಿನ ಬಣ್ಣ ಬಳಿದರಂತೆ. ತೂಬುಗಳನ್ನು ತೆಗೆಯಲು ಮರೆತರಂತೆ. ಅಷ್ಟೇ, ಅದರ ಹಿಂದೆ ಯಾವ ಕಥೆಯೂ ಇಲ್ಲ ಎಂದ.

ನಾನು ಕನ್ನಡದಲ್ಲಿ ಹೇಳುವ ಮೊದಲೇ ಅವನಿಗೆ ಅರ್ಥವಾಗಿತ್ತು. "ತೂಬು ಇಳುಸ್ಬೇಕು, ಓಯ್ತೀನಿ," ಎಂದು ಎದ್ದು ಹೋದ. ನಾಲ್ಕು ದಿನ ಫೋನ್ ಎತ್ತಲಿಲ್ಲ. ಗುಂಪಿನಲ್ಲಿ ಬಂದ ಕುಹಕಗಳಿಗೆಲ್ಲ ನಾನೇ ಉತ್ತರ ಕೊಟ್ಟು ಕೊಟ್ಟು ಸುಸ್ತಾದೆ.

ಭಾನುವಾರ ಬೈಕ್ ಹತ್ತಿ ಕೊತ್ತತ್ತಿಗೆ ಹೋದೆ. ನಾಲೆ ಏರಿಯ ಮೇಲೆ ಕೂತಿದ್ದ. ಸೋಮಾರಿ ನನ್ಮಕ್ಕಳು, ಅವರ ಮಾತು ಯಾಕೆ ಕೇಳುತ್ತೀಯ ಎಂದು ನಾನು ಕೂಗಾಡಿದೆ. ಅವನಿಗೆ ಸಿಟ್ಟಿರಲಿಲ್ಲ.

"ನಮ್ ನಾಲೆ ಕೊನೆಭಾಗಕ್ಕೆ ನೀರು ಸರಿಯಾಗಿ ಮುಟ್ಟಿ ಅತ್ತು ವರ್ಸ ಆಯ್ತು," ಎಂದ. "ಮುಟ್ಟೋಕ್ ಮುಂಚೇನೆ ತೂಬು ಇಳ್ಸು ಅಂತಾರೆ ಆಪೀಸ್ನೋರು, ಇಳುಸ್ತೀನಿ. ಇಳ್ಸೋ ಕೈ ನಂದೇ. ಆಟ್ದಲ್ಲಿ ಆ ಒಣ ನಾಲೆ ಕಂಡಾಗ, ಎಲ್ಲೋ ದೂರ್ದಲ್ಲಿ ಕೂತು ಯಾರೋ ಒಬ್ಬ ಕೊನೆಭಾಗ್ದೋರ ಪಾಡು ನೋಡವ್ನೆ ಅನ್ಕಂಡಿದ್ದೆ. ಯಾರೂ ನೋಡಿರ್ನಿಲ್ಲ ಕಣ್ಲಾ."

ನನಗೆ ನಾಚಿಕೆಯಾಯಿತು. ಎಂಟು ವರ್ಷ ಅವನ ಬರಹವನ್ನು ಒಂದಕ್ಷರ ಬಿಡದೆ ತಿರುಗಿಸಿದ್ದೆ. ನನ್ನ ಅಂಗಡಿಯಿಂದ ಒಂದು ಗಂಟೆಯ ದಾರಿಯಲ್ಲಿದ್ದ ಆ ಕೊನೆಭಾಗವನ್ನು ಒಮ್ಮೆಯೂ ನೋಡಿರಲಿಲ್ಲ.

ಬೈಕ್ ಸ್ಟಾರ್ಟ್ ಮಾಡಿದೆ. "ಬೈಕ್ ಅತ್ತು," ಎಂದೆ. "ಆ ಕೊನೆಭಾಗ ಎಲ್ಲದೆ ತೋರ್ಸು."