ಇಲಿಯ ಜೀವಕೋಶದೊಳಗಿನ ಉಂಡೆ

ತಿರುವನಂತಪುರದಿಂದ ಕೊಚ್ಚಿಗೆ ಹೋಗುವ ಬಸ್ಸಿನಲ್ಲಿ ನನ್ನ ಮಡಿಲ ಮೇಲೆ ಐಸ್ ಪೆಟ್ಟಿಗೆ ಇತ್ತು.

"ಮೀನಾದರೆ ಡಿಕ್ಕಿಗೆ ಹಾಕು, ಮೋಳೇ," ಎಂದು ಮಗಳನ್ನು ಕರೆದಂತೆ ಹೇಳಿದರು ಕಂಡಕ್ಟರ್ ಚೇಚಿ, ಅಂದರೆ ಕಂಡಕ್ಟರ್ ಅಕ್ಕ.

"ಮೀನಲ್ಲ ಚೇಚಿ. ಇಲಿಯ ಜೀವಕೋಶದ ಕೇಂದ್ರದೊಳಗೆ ಒಂದು ಪುಟ್ಟ ಉಂಡೆ ಇರುತ್ತದೆ, ಅದನ್ನು ತೆಗೆದು ತಂದಿದ್ದೇನೆ. ಅದರಲ್ಲಿ ಯಾವ್ಯಾವ ಪ್ರೋಟೀನ್ ಇವೆ ಅಂತ ಕೊಚ್ಚಿಯ ಯಂತ್ರದಲ್ಲಿ ನೋಡಬೇಕು. ನನ್ನ ಎರಡು ವರ್ಷದ ಕೆಲಸ ಇದು."

ಕೊಚ್ಚಿಯ ವೈಟ್ಟಿಲದಲ್ಲಿ ನಾನು ಇಳಿಯುವಾಗ ಅವರು ಟಿಕೆಟ್ಟಿನ ಹಿಂದೆ ಫೋನ್ ನಂಬರ್ ಬರೆದುಕೊಟ್ಟು, "ಏನಾದರೂ ಸಿಕ್ಕಿದರೆ ನನಗೂ ಹೇಳು," ಎಂದರು.

ತಿಂಗಳಾದ ಮೇಲೆ ಪ್ರೋಟೀನ್‌ಗಳ ಪಟ್ಟಿ ಬಂತು. ಆ ಉಂಡೆಯಲ್ಲಿ ಈವರೆಗೆ ಯಾರೂ ಕಾಣದ ಒಂದು ಪ್ರೋಟೀನ್ ಪಟ್ಟಿಯಲ್ಲಿತ್ತು! ಹೆಮ್ಮೆ ತಡೆಯಲಾರದೆ ಮೊದಲು ಚೇಚಿಗೇ ಫೋನ್ ಮಾಡಿದೆ.

"ಹೆಸರೇನು ಅದರದ್ದು?"

"ಹೆಸರಿಲ್ಲ ಚೇಚಿ, ಬರೀ ನಂಬರ್."

"ಅಷ್ಟು ಸಾಕಲ್ಲವಾ! ಇನ್ನು ಅದು ಎಲ್ಲಿಗೆ ಹೋಗುತ್ತದೆ, ಯಾಕೆ ಹೋಗುತ್ತದೆ ಅಂತ ನೋಡು."

ನನ್ನ ಸಂಶೋಧನೆಯ ಗೈಡ್ ಕೂಡ ಅದನ್ನೇ ಹೇಳಿದರು. ಅವರಿಗೆ ಮಾತ್ರ ಅದನ್ನು ಹೇಳಲು ಅರ್ಧ ಗಂಟೆ ಹಿಡಿಯಿತು.