ಅಮ್ಮನ ರಕ್ತದ ನಕ್ಷೆ

ನಾನು ಹುಟ್ಟಾ ಪುಕ್ಕಲಿ. ಚಿಕ್ಕವಳಿದ್ದಾಗ ಸೂಜಿ ಕುದಿಸುವ ಪಾತ್ರೆಯ ಸದ್ದು ಕೇಳಿಯೇ ಮುಳಬಾಗಿಲಿನ ಆಸ್ಪತ್ರೆಯಿಂದ ಬರಿಗಾಲಲ್ಲಿ ಮನೆಗೆ ಓಡಿ ಬಂದವಳು. ಅಂಥವಳು ಮುಂದೆ ಹಳ್ಳಿಹಳ್ಳಿ ಸುತ್ತಿ ಕಂಡವರ ತೋಳಿನಿಂದ ರಕ್ತ ತೆಗೆಯುವ ಕೆಲಸಕ್ಕೆ ಸೇರಿದಾಗ ಅಮ್ಮ ನಕ್ಕು ನಕ್ಕು ಸುಸ್ತಾದಳು. "ನಿನ್ನ ಕೈಗೆ ಸೂಜಿ ಕೊಟ್ಟ ಪುಣ್ಯಾತ್ಮ ಯಾರೇ? ಒಂದ್ಸಲ ಅವರ ಮುಖ ನೋಡ್ಬೇಕಲ್ಲ," ಅಂದಳು.

ಆ ಪುಣ್ಯಾತ್ಮರು ಕೋಲಾರದಲ್ಲಿದ್ದರು. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಎಮ್ಮೆಸ್ಸಿ ಮುಗಿಸಿ ಮನೆಯಲ್ಲಿ ನೊಣ ಹೊಡೆಯುತ್ತ ಕೂತಿದ್ದ ನನ್ನನ್ನು ಅವರು ತಮ್ಮ ಪುಟ್ಟ ಸಂಶೋಧನಾ ತಂಡಕ್ಕೆ ಸೇರಿಸಿಕೊಂಡರು. ವೈದ್ಯರು, ಮಾತು ಕಡಿಮೆ, ಕೋಪ ಮೂಗಿನ ತುದಿಯಲ್ಲಿ. ನಾವೆಲ್ಲ ಸರ್ ಅಂತಲೇ ಕರೆಯುತ್ತಿದ್ದೆವು. ಅವರ ತಲೆ ತಿನ್ನುತ್ತಿದ್ದ ಪ್ರಶ್ನೆ ಒಂದೇ. ನಮ್ಮ ಸೀಮೆಯಲ್ಲಿ ಕೊಳವೆಬಾವಿ ಆಳಕ್ಕಿಳಿದಂತೆಲ್ಲ ನೀರಿನಲ್ಲಿ ಫ್ಲೋರೈಡ್ ಹೆಚ್ಚಾಗಿ, ಜನರ ಹಲ್ಲು ಕಂದುಗಟ್ಟುತ್ತಿತ್ತು, ಬೆನ್ನಿನ ಮೂಳೆ ಬಿಗಿದು ಬಾಗುತ್ತಿತ್ತು. ಆದರೆ ಒಂದೇ ಮನೆಯಲ್ಲಿ, ಒಂದೇ ಬಿಂದಿಗೆಯ ನೀರು ಕುಡಿದ ಅಣ್ಣ ಕುತ್ತಿಗೆ ತಿರುಗಿಸಲಾರ, ತಮ್ಮ ಮಾವಿನ ಮರ ಹತ್ತುತ್ತಾನೆ. ಯಾಕೆ? ಉತ್ತರ ರಕ್ತದಲ್ಲಿ ಸಿಗಬಹುದು ಅಂತ ತಾಯಲೂರು, ಬೈರಕೂರು, ಶ್ರೀನಿವಾಸಪುರದ ಕಡೆಯ ಹಳ್ಳಿಗಳಿಗೆ ನಮ್ಮ ಜೀಪು ಐಸ್ ಡಬ್ಬಿ ಹೊತ್ತು ಓಡಾಡುತ್ತಿತ್ತು.

ರಕ್ತದಿಂದ ತೆಗೆದ ಸಾರವನ್ನು ಬೆಂಗಳೂರಿಗೆ ಕಳಿಸಿದರೆ ಅದು ಸಿಡಿಯಲ್ಲಿ ಅಂಕಿಗಳಾಗಿ ವಾಪಸ್ ಬರುತ್ತಿತ್ತು. ಯಾವ ಜೀನ್ ಜೋರಾಗಿ ಕೆಲಸ ಮಾಡುತ್ತಿದೆ, ಯಾವುದು ಮಂಕಾಗಿದೆ ಅಂತ ಹೇಳುವ ಸಾವಿರಾರು ಅಂಕಿಗಳು. ಬರಿಗಣ್ಣಿಗೆ ಅದು ಏನೂ ಅಲ್ಲ. ಅದನ್ನು ಓದಲು ನಮ್ಮಲ್ಲೊಂದು ಸಾಫ್ಟ್‌ವೇರ್ ಇತ್ತು. ದೇಹದೊಳಗೆ ಒಂದು ಕೆಲಸ ಇನ್ನೊಂದಕ್ಕೆ ದಾರಿ ಮಾಡಿಕೊಡುವ ಬಗೆಯನ್ನು ಚೌಕ, ಬಾಣಗಳಲ್ಲಿ ಬರೆದ ನಕ್ಷೆಗಳು ಅದರಲ್ಲಿದ್ದವು. ನಮ್ಮ ಅಂಕಿ ತುಂಬಿದರೆ ಹೆಚ್ಚಾದ ಜೀನಿಗೆ ಕೆಂಪು, ಕಡಿಮೆಯಾದದ್ದಕ್ಕೆ ಹಸಿರು ಬಣ್ಣ ಹಚ್ಚಿ, ಯಾವ ನಕ್ಷೆ ಎಲ್ಲಕ್ಕಿಂತ ಹೆಚ್ಚು ಕೆಟ್ಟಿದೆ ಅಂತ ಸಾಲಾಗಿ ತೋರಿಸುತ್ತಿತ್ತು. ಇದಕ್ಕೆ ಪಾಥ್‌ವೇ ಅನಾಲಿಸಿಸ್ ಅಂತ ಹೆಸರು. ತಂಡದಲ್ಲಿ ಚಿಕ್ಕವಳಾದ ನನಗೇ ಅದನ್ನು ಕಲಿಯುವ ಕೆಲಸ ಬಿತ್ತು.

ರೋಗಿಗಳ ರಕ್ತ ಇದ್ದರಷ್ಟೇ ಸಾಲದು, ಹೋಲಿಸಲು ಆರೋಗ್ಯವಂತರದ್ದೂ ಬೇಕು. ಐವತ್ತು ದಾಟಿದ ಹೆಂಗಸರಂತೂ ಕೈಗೇ ಸಿಗುತ್ತಿರಲಿಲ್ಲ. "ಚೆನ್ನಾಗಿದೀನಲ್ಲಮ್ಮ, ಸುಮ್ಮನೆ ಯಾಕೆ ಚುಚ್ತೀಯ?" ಅಂತ ಸೆರಗು ಎಳೆದುಕೊಂಡು ಒಳಗೆ ಹೋಗಿಬಿಡುತ್ತಿದ್ದರು. ಒಬ್ಬರು ಕಡಿಮೆ ಬಿದ್ದಾಗ ನನಗೆ ಅಮ್ಮನ ನೆನಪಾಯಿತು. ಅಮ್ಮ ಮುಳಬಾಗಿಲಿನಲ್ಲಿ ರವಿಕೆ ಹೊಲಿಯುತ್ತಿದ್ದಳು. ಅಪ್ಪ ಹೋದ ಮೇಲೆ ನಮ್ಮಿಬ್ಬರನ್ನು ಸಾಕಿದ್ದು ಆ ಹೊಲಿಗೆ ಮಷೀನೇ. ಈ ವಯಸ್ಸಿನಲ್ಲೂ ಕನ್ನಡಕವಿಲ್ಲದೆ ಸೂಜಿಗೆ ದಾರ ಪೋಣಿಸುತ್ತಾಳೆ ಅಂತ ಬೀದಿಗೆಲ್ಲ ಗೊತ್ತಿತ್ತು. ರಕ್ತ ಬೇಕು ಅಂದದ್ದಕ್ಕೆ, ಯಾಕೆ ಅಂತ ಕೂಡ ಕೇಳದೆ, ಒಂದು ಸೋಮವಾರ ಬೆಳಿಗ್ಗೆ ತೋಳು ಚಾಚಿ ಕೂತಳು. ನಾನು ಸೂಜಿ ತೆಗೆದ ಮೇಲೆ, ಇಷ್ಟೇನಾ ಅಂತ, "ಇಂತೇನಾ?" ಎಂದು ತೆಲುಗಿನಲ್ಲಿ ಅಣಕಿಸಿದಳು. ಆ ರಕ್ತವನ್ನು ಫ್ಲಾಸ್ಕಿನಲ್ಲಿಟ್ಟುಕೊಂಡು ಬಸ್ ಹತ್ತಿ ಕೋಲಾರಕ್ಕೆ ತಂದೆ. ಸೀಸೆಯ ಮೇಲೆ ಹೆಸರಿಲ್ಲ, ಆರೋಗ್ಯವಂತರ ಸಾಲಿನ ಸಿ-೯ ಅಂತ ಅಷ್ಟೇ. ಅದು ಯಾರದ್ದು ಅನ್ನುವುದು ನನಗೊಬ್ಬಳಿಗೇ ತಿಳಿದಿತ್ತು.

ಕೆಲವು ತಿಂಗಳ ಮೇಲೆ ಸಿಡಿ ಬಂತು. "ಮೊದಲು ಆರೋಗ್ಯವಂತರ ಮೇಲೇ ಕೈ ಪಳಗಿಸ್ಕೋ. ಒಬ್ಬೊಬ್ಬರನ್ನೇ ಮಿಕ್ಕವರ ಜೊತೆ ಹೋಲಿಸು. ಏನೂ ಬರಬಾರದು. ಬಂದ್ರೆ ನಿನ್ನದೇ ತಪ್ಪು," ಅಂದಿದ್ದರು ಸರ್. ಶನಿವಾರ ಮಧ್ಯಾಹ್ನ, ಎಲ್ಲರೂ ಊಟಕ್ಕೆ ಎದ್ದು ಹೋಗಿದ್ದರು. ಒಬ್ಬೊಬ್ಬರನ್ನೇ ಹಾಕಿ ನೋಡಿದೆ. ಏನೂ ಬರಲಿಲ್ಲ. ಆಮೇಲೆ ಸಿ-೯ ಹಾಕಿದೆ. ಪರದೆ ತುಂಬ ಹಸಿರು ಚೌಕಗಳು. ಪಟ್ಟಿಯ ತಲೆಯ ಮೇಲೆ ಮೂರು ಹೆಸರುಗಳಿದ್ದವು: ಕೈ ನಡುಗಿಸುವ ಪಾರ್ಕಿನ್ಸನ್, ಮರೆವಿನ ಆಲ್ಝೈಮರ್, ಆಮೇಲೆ ಹಂಟಿಂಗ್ಟನ್.

ಮೂರನೆಯದನ್ನು ನಾನು ತರಗತಿಯಲ್ಲಿ ಓದಿದ್ದೆ. ನಡುವಯಸ್ಸಿನಲ್ಲಿ ಕೈಕಾಲು ತಾವಾಗಿಯೇ ಕುಣಿಯತೊಡಗುತ್ತವೆ, ಬುದ್ಧಿ ಕದಡುತ್ತದೆ, ಮದ್ದಿಲ್ಲ. ತಾಯಿಗಿದ್ದರೆ ಮಗಳಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ಪರೀಕ್ಷೆಯಲ್ಲಿ ಇದನ್ನು ಬರೆದು ಒಳ್ಳೆಯ ಅಂಕ ತೆಗೆದುಕೊಂಡಿದ್ದೆ. ಈಗ ತಾತನ ನೆನಪು ಬಂತು. ಅಮ್ಮನ ಅಪ್ಪ, ದೇವಸ್ಥಾನದ ಅರ್ಚಕರು. ಕೊನೆಕೊನೆಗೆ ಅವರ ಕೈಯ ಉದ್ಧರಣೆ ಚಮಚ ಎಷ್ಟು ನಡುಗುತ್ತಿತ್ತೆಂದರೆ ತೀರ್ಥ ಭಕ್ತರ ಅಂಗೈ ಬಿಟ್ಟು ಮೊಣಕೈಗೆ ಬೀಳುತ್ತಿತ್ತು. ಮುದುಕರಿಗೆ ಕೈ ನಡುಗುವುದು ಸಹಜ ಅಂತ ಅವತ್ತಿನವರೆಗೆ ನಾನೂ ಅಂದುಕೊಂಡಿದ್ದೆ. ಮತ್ತೆ ಮೊದಲಿನಿಂದ ಅಂಕಿ ತುಂಬಿದೆ. ಮತ್ತೆ ಅದೇ ಮೂರು. ಅಷ್ಟರಲ್ಲಿ ಕರೆಂಟು ಹೋಗಿ ಯುಪಿಎಸ್ ಕೀಂಯ್ ಅಂತು, ಅದರ ಜೊತೆ ನಾನೂ ಕಿರುಚಿದೆ.

ಸರ್ ಅವರನ್ನು ಕೇಳಬಹುದಿತ್ತು. ಕೇಳಿ, ಅವರು ಹೌದು ಅಂದುಬಿಟ್ಟರೆ? ಕೇಳದಿದ್ದಷ್ಟು ದಿನ ಅಮ್ಮ ಚೆನ್ನಾಗಿಯೇ ಇರುತ್ತಾಳೆ ಅನ್ನುವುದು ನನ್ನ ಲೆಕ್ಕಾಚಾರ. ವಿಜ್ಞಾನ ಓದಿದವಳ ಬುದ್ಧಿ ನೋಡಿ! ಕಂಪ್ಯೂಟರ್ ಮುಚ್ಚಿ ಸೀದಾ ಬಸ್ ನಿಲ್ದಾಣಕ್ಕೆ ಹೋದೆ.

ತಿಂಗಳಿಗೊಮ್ಮೆ ಬರುತ್ತಿದ್ದವಳು ಹೇಳದೆ ಕೇಳದೆ ಬಂದದ್ದು ನೋಡಿ ಅಮ್ಮ ಹಿಗ್ಗಿದಳು. ನಾನು ಅವಳ ಬೆರಳು ನೋಡುತ್ತಿದ್ದೆ. ಕಾಫಿ ಬಗ್ಗಿಸುವಾಗ, ಹೂ ಕಟ್ಟುವಾಗ, ಗುಂಡಿಯ ಕಾಜಾ ಹೊಲಿಯುವಾಗ. ಮಾರನೆಯ ದಿನ, ಹಿಂದೆ ಯಾವಾಗಲೋ ನರರೋಗದ ಪುಸ್ತಕದಲ್ಲಿ ಓದಿದ್ದ ಪರೀಕ್ಷೆಗಳನ್ನೆಲ್ಲ ಶುರು ಮಾಡಿದೆ. ಕಣ್ಣು ಮುಚ್ಚಿ ಮೂಗಿನ ತುದಿ ಮುಟ್ಟು ಅಂದೆ. ಪಡಸಾಲೆಯ ಗೆರೆಯ ಮೇಲೆ ಹೆಜ್ಜೆಗೆ ಹೆಜ್ಜೆ ಸೇರಿಸಿ ನಡಿ ಅಂದೆ. ನೂರರಿಂದ ಏಳೇಳು ಕಳೆಯುತ್ತ ಬಾ ಅಂದೆ. ಅಮ್ಮ ತೆಲುಗಿನಲ್ಲಿ ಪಟಪಟ ಕಳೆದು ಮುಗಿಸಿ, "ಯಾಕೇ, ಏನಾದ್ರೂ ಪಂದ್ಯ ಕಟ್ಟಿದೀಯಾ?" ಅಂತ ನಕ್ಕಳು. ಎಲ್ಲದರಲ್ಲೂ ಪಾಸಾದಳು. ನನಗೆ ಸಮಾಧಾನ ಆಗಬೇಕಿತ್ತು. ಇನ್ನೂ ಶುರುವಾಗಿಲ್ಲ, ಅಷ್ಟೇ, ಅಂತ ಮನಸ್ಸು ಹೇಳಿತು.

ಮುಂದಿನ ವಾರವೂ ಹೋದೆ. ಊಟ ಸೇರುತ್ತಿರಲಿಲ್ಲ, ಮುಖ ಇಳಿದುಹೋಗಿತ್ತು. ಅಮ್ಮ ಉತ್ಸಾಹದಲ್ಲಿದ್ದಳು. ಮಾಲೂರಿನಿಂದ ಒಂದು ಸಂಬಂಧ ಬಂದಿತ್ತು. ಹುಡುಗ ಲೆಕ್ಕಪರಿಶೋಧಕರ ಹತ್ತಿರ ಕೆಲಸಕ್ಕಿದ್ದಾನೆ, ಬರುವ ಭಾನುವಾರ ನೋಡಲು ಬರುತ್ತಾರೆ ಅಂದಳು. ನನ್ನ ಕಣ್ಣ ಮುಂದೆ ಆ ಹಸಿರು ಚೌಕಗಳು ಬಂದವು. ಅಮ್ಮನಿಂದ ನನಗೆ, ನನ್ನಿಂದ ಇನ್ನೂ ಹುಟ್ಟದ ಮಗುವಿಗೆ.

"ಬೇಡಮ್ಮ. ಬರೋದು ಬೇಡ ಅಂತ ಹೇಳ್ಬಿಡು."

"ಹುಡುಗನ್ನ ನೋಡೇ ಇಲ್ವಲ್ಲೇ!"

"ಯಾರೂ ಬೇಡ. ನಾನು ಮದುವೇನೇ ಆಗಲ್ಲ. ಕಾರಣ ಕೇಳ್ಬೇಡ."

ಅಮ್ಮ ಕೇಳಲಿಲ್ಲ. ಕಾಫಿ ಬಗ್ಗಿಸಲು ಪಾತ್ರೆ ಎತ್ತಿದಳು. ಪಾತ್ರೆಯ ಅಂಚು ಲೋಟಕ್ಕೆ ತಗುಲಿ ಟಕಟಕ ಅಂತ ಸದ್ದಾಯಿತು. ಕಾಫಿ ನೆಲಕ್ಕೆ ಚೆಲ್ಲಿತು. ಅವಳ ಕೈ ನಡುಗುತ್ತಿತ್ತು, ನಾನು ನನ್ನ ಕಣ್ಣಾರೆ ನೋಡಿದೆ. ಹಿತ್ತಲಿಗೆ ಹೋಗಿ ಒಗೆಯುವ ಕಲ್ಲಿನ ಮೇಲೆ ಕೂತುಬಿಟ್ಟೆ.

ಅದರ ಮುಂದಿನ ವಾರ ಊರಿಗೆ ಹೋಗಲು ಧೈರ್ಯ ಬರಲಿಲ್ಲ. ಸೋಮವಾರ ಪಕ್ಕದ ಮನೆಯವರಿಂದ ಫೋನ್ ಬಂತು. ಅವರು ಜರಿ ಕೆಲಸದವರು. ಅಮ್ಮ ಹೊಲಿದ ರವಿಕೆಗಳಿಗೆ ಅಂಚು ಕಟ್ಟುವುದು ಅವರೇ. ಚಿಕ್ಕಮ್ಮ ಅನ್ನುವ ಹಾಗೆ ನಾನು ಅವರನ್ನು ಖಾಲಾ ಅನ್ನುತ್ತಿದ್ದೆ. "ನೋಡಮ್ಮ, ನಿಮ್ಮ ಅಮ್ಮ ಮಷೀನ್ ಮುಟ್ಟಿಲ್ಲ. ಕಪಡಾ ಹಂಗೇ ರಾಶಿ ಬಿದ್ದೈತೆ. ಕೇಳಿದ್ರೆ ಕೈ ನಡುಗುತ್ತೆ, ಹೊಲಿಗೆ ಸೊಟ್ಟ ಹೋಗುತ್ತೆ ಅಂತಾರೆ. ಮೊನ್ನೆ ನನ್ನ ಜೊತೆ ದರ್ಗಾಕ್ಕೂ ಬಂದಿದ್ರು. ಏನು ಬೇಡ್ಕೊಂಡ್ರೋ, ಅಲ್ಲೇ ಕೂತು ಅತ್ಕೊಂಡ್ರು. ನೀವು ಸ್ವಲ್ಪ ಬನ್ನಿ," ಅಂದರು.

ಫೋನ್ ಇಟ್ಟವಳೇ ಸರ್ ಕೋಣೆಗೆ ನುಗ್ಗಿದೆ. ಬಾಗಿಲು ಕೂಡ ತಟ್ಟಲಿಲ್ಲ. ಸಿ-೯ರ ಪಟ್ಟಿಯ ಪ್ರಿಂಟ್ ಮುಂದಿಟ್ಟು, "ಇವರು ಎಷ್ಟು ದಿನ ಬದುಕ್ತಾರೆ ಸರ್?" ಅಂತ ಕೇಳಿದೆ. ಕೇಳುವಾಗಲೇ ಅಳು ಬಂತು.

ಅವರು ಪಟ್ಟಿ ನೋಡಿದರು, ನನ್ನನ್ನು ನೋಡಿದರು. ಬೈಯಲಿಲ್ಲ. ಮೂರು ಹೆಸರುಗಳ ಕೆಳಗೆ ನಾಲ್ಕನೆಯದಾಗಿ ಇದ್ದ ಸಾಲಿನ ಮೇಲೆ ಪೆನ್ನಿಟ್ಟರು. ಜೀವಕೋಶ ಉಸಿರಿನ ಗಾಳಿ ಬಳಸಿ ಶಕ್ತಿ ಮಾಡಿಕೊಳ್ಳುವ ನಕ್ಷೆ ಅದು. "ಇದನ್ನ ಓದಿದ್ಯಾ? ಇದು ಕೋಶದ ಒಲೆ. ಈ ಮೂರು ಕಾಯಿಲೆಯ ನಕ್ಷೆ ಬರೆದವರು ಇದೇ ಒಲೆಯ ಜೀನ್‌ಗಳನ್ನ ಮೂರರೊಳಗೂ ಸೇರಿಸಿದ್ದಾರೆ. ಯಾವ ಕಾರಣಕ್ಕೆ ಒಲೆ ಮಂಕಾದ್ರೂ ಈ ಪ್ರೋಗ್ರಾಂ ಮೂರೂ ಹೆಸರು ಒಟ್ಟಿಗೆ ಕೂಗುತ್ತೆ. ಆ ಕಾಯಿಲೆ ಇದೆ ಅಂತ ಅದು ಹೇಳ್ತಿಲ್ಲ. ಹಂಟಿಂಗ್ಟನ್ ಇದೆಯೋ ಇಲ್ಲವೋ ಅಂತ ನೋಡೋ ಪರೀಕ್ಷೆಯೇ ಬೇರೆ."

"ಮತ್ತೆ ಒಲೆ ಯಾಕೆ ಮಂಕಾಯ್ತು ಸರ್?"

"ಈ ರಕ್ತ ಇಲ್ಲಿಗೆ ಹೇಗೆ ಬಂತು?"

ಬಸ್ಸಿನಲ್ಲಿ, ಅಂದೆ. ಹಾಗನ್ನುವಾಗ ಆವತ್ತಿನ ದಿನ ಕಣ್ಣಿಗೆ ಕಟ್ಟಿತು. ಟೊಮೆಟೊ ಮಂಡಿಯ ಹತ್ತಿರ ಲಾರಿಗಳು ಅಡ್ಡಡ್ಡ ನಿಂತು ಬಸ್ಸು ಅಲ್ಲಾಡಿರಲಿಲ್ಲ. ಬಿಸಿಲಿಗೆ ಸೀಟಿನ ರೆಕ್ಸಿನ್ ಸುಡುತ್ತಿತ್ತು. ಲ್ಯಾಬು ತಲುಪಿ ಫ್ಲಾಸ್ಕ್ ತೆಗೆದಾಗ ಐಸ್ ನೀರಾಗಿ, ನೀರೂ ಬೆಚ್ಚಗಾಗಿತ್ತು.

"ಸೀಸೆಯೊಳಗೆ ರಕ್ತದ ಕಣಗಳು ಬದುಕೇ ಇರ್ತವೆ. ಗಾಳಿ ಇಲ್ಲ, ಸೆಕೆ ಬೇರೆ. ಒದ್ದಾಡಿವೆ," ಅಂದರು ಸರ್. "ನೀನು ತೋರಿಸ್ತಾ ಇರೋದು ಬಸ್ಸಿನ ಕಾಯಿಲೆ. ಆ ಹೆಂಗಸಿಗೆ ಏನೂ ಆಗಿಲ್ಲ. ಸಿ-೯ ತೆಗೆದು ಹಾಕು. ಯಾರು ಆಕೆ?"

"ನಮ್ಮಮ್ಮ."

ಅವರು ಪೆನ್ನಿನ ಮುಚ್ಚಳ ಹಾಕಿ, "ಇವತ್ತು ರಜ ತಗೋ, ಊರಿಗೆ ಹೋಗು," ಅಂದರು.

ಬಸ್ಸಿನಲ್ಲಿ ಒಬ್ಬಳೇ ನಕ್ಕೆ, ಅತ್ತೆ, ಪಕ್ಕದ ಹೆಂಗಸು ಸರಿದು ಕೂತಳು. ಆದರೆ ಮುಳಬಾಗಿಲು ಹತ್ತಿರ ಬಂದಂತೆ ಮತ್ತೆ ಹೆದರಿಕೆ ಶುರುವಾಯಿತು. ಸಾಫ್ಟ್‌ವೇರ್ ಹೇಳಿದ್ದು ಸುಳ್ಳು, ಸರಿ. ಕಾಫಿ ಚೆಲ್ಲಿದ್ದು ಸುಳ್ಳಲ್ಲವಲ್ಲ. ಆ ಕೈ ಯಾಕೆ ನಡುಗಿತು?

ಅಮ್ಮ ಮುಚ್ಚಿಟ್ಟ ಮಷೀನಿನ ಪಕ್ಕ ಗೋಡೆಗೊರಗಿ ಕೂತಿದ್ದಳು. ನಾನು ಚಪ್ಪಲಿ ಕೂಡ ಬಿಡದೆ ಎಲ್ಲ ಹೇಳಿಬಿಟ್ಟೆ. ಕಂಪ್ಯೂಟರ್ ತೋರಿಸಿದ ಮೂರು ಕಾಯಿಲೆ, ಮೂಗು ಮುಟ್ಟಿಸಿದ್ದು, ಮಾಲೂರಿನವರನ್ನು ಬೇಡ ಅಂದದ್ದು, ಕೊನೆಗೆ ಬಸ್ಸು, ಐಸು, ಸರ್ ಹೇಳಿದ ಮಾತು. "ನಿನಗೆ ಏನೂ ಇಲ್ಲಮ್ಮ. ಏನೇನೂ ಇಲ್ಲ."

ಅಮ್ಮ ನನ್ನ ಮುಖವನ್ನೇ ನೋಡುತ್ತಿದ್ದಳು.

"ಅಂದ್ರೆ... ನಿನಗೆ ಏನೂ ಇಲ್ವಾ?"

"ನನಗಾ?"

"ನಿನ್ನ ರಕ್ತ ಕೆಟ್ಟಿದೆ ಅಂದ್ಕೊಂಡೆ ಕಣೇ. ಹೊಂದುತ್ತೋ ಇಲ್ವೋ ನೋಡೋಕೆ ನಂದು ತಗೊಂಡು ಹೋದೆ ಅಂತ. ಆಮೇಲೆ ವಾರಾ ವಾರಾ ಬಂದೆ. ಊಟ ಬಿಟ್ಟೆ. ಮದುವೆ ಬೇಡ ಅಂದೆ. ಆವತ್ತಿಂದ ಹೆದರಿಕೆಗೆ ಕೈ ನಿಲ್ತಾನೇ ಇಲ್ಲ. ಗೆರೆ ಮೇಲೆ ನಡಿ, ಲೆಕ್ಕ ಹೇಳು ಅಂದೆಯಲ್ಲ, ಕಿಡ್ನಿನೋ ಏನೋ ಕೊಡೋ ಅಷ್ಟು ಗಟ್ಟಿ ಇದೀನಾ ಅಂತ ನೋಡ್ತಿದೀಯ ಅಂದ್ಕೊಂಡೆ. ತಗೊಳ್ಳೇ, ಏನು ಬೇಕೋ ತಗೋ ಅಂತ ಹೇಳೋಣ ಅಂದ್ರೆ, ನೀನು ಬಾಯೇ ಬಿಡ್ತಿರಲಿಲ್ಲ."

ನಾನು ಅವಳ ಎರಡೂ ಕೈ ಹಿಡಿದುಕೊಂಡೆ.

"ನಿನ್ನ ರಕ್ತಾನೂ ಅದಕ್ಕೆ ಹಾಕಿ ನೋಡಿದೀಯಾ?" ಅಂತ ಕೇಳಿದಳು.

"ನೋಡಿದೀನಮ್ಮ. ಏನೂ ಇಲ್ಲ."

ಅಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಒಲೆ ಹಚ್ಚಲು ಎದ್ದು ಹೋದಳು. ನಾನು ಅವಳಿಗೆ ಸುಳ್ಳು ಹೇಳಿದ್ದೆ. ನನ್ನ ರಕ್ತವನ್ನು ನಾನು ಅದಕ್ಕೆ ಹಾಕಿಯೇ ಇರಲಿಲ್ಲ. ಆಮೇಲೂ ಎಷ್ಟೋ ವರ್ಷ ಅದೇ ಸಾಫ್ಟ್‌ವೇರಿನ ಮುಂದೆ ಕೂತೆ, ಹೊಸಬರಿಗೆ ಅದನ್ನು ಕಲಿಸಿದೆ, ಪಟ್ಟಿಯ ತಲೆಯಲ್ಲಿ ಕಾಯಿಲೆಯ ಹೆಸರು ಕಂಡರೆ ಹೆದರಬೇಡಿ ಅಂತ ಬುದ್ಧಿ ಹೇಳಿದೆ. ನನ್ನದೊಂದು ಸೀಸೆ ಹಾಕಿ ನೋಡುವ ಧೈರ್ಯ ಮಾತ್ರ ನನಗೆ ಒಂದು ದಿನವೂ ಬರಲಿಲ್ಲ.