ಶಿವಕುಮಾರಿ ಅರ್ಧ ಬಿಟ್ಟ ಚಹಾ

ಒಂಬತ್ತು ವರ್ಷದಿಂದ ನಮ್ಮನೆ ಕೆಲಸ ಮಾಡುವ ಶಿವಕುಮಾರಿ ಒಂದು ದಿನವೂ ನನ್ನ ಚಹಾ ಪೂರ್ತಿ ಕುಡಿದವಳಲ್ಲ. ಎರಡು ಗುಟುಕು ಕುಡಿದು ಲೋಟವನ್ನು ಸಿಂಕಿನ ಪಕ್ಕಕ್ಕೆ ಇಟ್ಟುಬಿಡುತ್ತಿದ್ದಳು. ನೀರು ಕೊಟ್ಟರೆ, "ನೀರಡಿಕಿಲ್ರಿ ಅಕ್ಕಾರ." ಮುಂಬಯಿಯ ಚೆಂಬೂರಿನ ಮೇ ತಿಂಗಳಲ್ಲಿ ನೀರಡಿಕೆ ಇಲ್ಲವಂತೆ! ಉಡುಪಿಯವಳ ಕೈಯ ಚಹಾ ಕಲಬುರಗಿಯ ನಾಲಿಗೆಗೆ ಹಿಡಿಸುವುದಿಲ್ಲ, ಜಂಬದವಳು ಎಂದು ಗಂಡನ ಹತ್ತಿರ ಚಾಡಿ ಹೇಳಿದ್ದೂ ಉಂಟು.

ಜಂಬವೊಂದು ಬಿಟ್ಟರೆ ಬಂಗಾರದಂಥ ಹೆಂಗಸು. ಬೆಳಗ್ಗೆ ಏಳಕ್ಕೆ ನಮ್ಮ ಬಿಲ್ಡಿಂಗಿಗೆ ಬಂದರೆ ಐದು ಮನೆಯ ಪಾತ್ರೆ, ನೆಲ, ಸಂಡಾಸು ತೊಳೆದು ಮುಗಿಸುವಾಗ ಮೂರು ಗಂಟೆ. ಗಂಡ ಚಂದ್ರಾಮ ಸೆಂಟ್ರಿಂಗ್ ಕೆಲಸದವನು, ಸೈಟಿನಲ್ಲೇ ಹೆಚ್ಚು ದಿನ. ಆ ಐದು ಮನೆಗಳಲ್ಲಿ ನಮ್ಮದೇ ಮೊದಲನೆಯದು, ಕನ್ನಡ ಮಾತಾಡುವ ಮನೆಯೂ ಇದೊಂದೇ. ಹಾಗಾಗಿ ಅವಳ ಕಷ್ಟಸುಖವೆಲ್ಲ ನನಗೆ ಗೊತ್ತು ಎಂದು ನಾನು ತಿಳಿದಿದ್ದೆ.

ಈ ಬೇಸಿಗೆಯಲ್ಲಿ ಅವಳ ಅತ್ತೆ ಬಸಲಿಂಗವ್ವ ಊರಿಗೆ ಹೋದಳು. ಮನೆಯಲ್ಲಿ ನೋಡಿಕೊಳ್ಳುವವರಿಲ್ಲದೆ ಆರು ವರ್ಷದ ಮಗಳು ಶೈಲಾ ತಾಯಿಯ ಜೊತೆ ಬರತೊಡಗಿದಳು. ಅಡುಗೆಮನೆಯ ಮೂಲೆಯಲ್ಲಿ ಒಂದು ಕಾಲು ಮಡಚಿ, ಹಿಮ್ಮಡಿಯ ಮೇಲೆ ಗಟ್ಟಿಯಾಗಿ ಕೂತು ಚಿತ್ರ ಬರೆಯುವ ಮಗು. ಹೊರಗೆ ಹಾಲ್‌ಗೆ ಕರೆದು, ಟಿವಿ ಹಾಕಿ, ದಿವಾನದ ಮೇಲೆ ಕೂರಿಸಿದವಳು ನಾನೇ. ಅರ್ಧ ಗಂಟೆಯಲ್ಲಿ ದಿವಾನದ ಗಾದಿ ಒದ್ದೆ.

"ಎಂತ ಇದು? ಇಷ್ಟು ದೊಡ್ಡ ಹುಡುಗಿ, ನಾಚಿಕೆ ಆಗುದಿಲ್ವಾ?" ಎಂದುಬಿಟ್ಟೆ.

ಶಿವಕುಮಾರಿ ಓಡಿ ಬಂದು ಮಗಳ ಬೆನ್ನಿಗೆ ಎರಡು ಬಿಟ್ಟಳು. ಆಮೇಲೆ ಮಂಡಿಯೂರಿ ತನ್ನ ಸೆರಗಿನಿಂದಲೇ ಗಾದಿ ಒರೆಸತೊಡಗಿದಳು. ಒರೆಸುವ ಬಟ್ಟೆ ನನ್ನ ಕೈಗೆ ಎಟುಕುವಷ್ಟು ಹತ್ತಿರ ಇತ್ತು. ನಾನು ಕೊಡಲಿಲ್ಲ. ಮಗು ಅಳಲೂ ಇಲ್ಲ, ನೆಲ ನೋಡುತ್ತ ನಿಂತಿತ್ತು.

ಅಂದು ಅವಳು ಬಾಯಿಬಿಟ್ಟಳು. ಹಗಲೂ ಹೀಗೆ, ರಾತ್ರಿಯೂ ಹೀಗೆ. ಅವರಿರುವ ಚಾಳಿನ ಸಾಲುಮನೆಗಳ ಗ್ಯಾಲರಿಯಲ್ಲಿ ಗಾದಿ ಒಣಹಾಕಿದರೆ ಹನ್ನೆರಡು ಬಾಗಿಲಿಗೂ ಕಾಣುತ್ತದೆ, ಮಕ್ಕಳು "ಗೀಲಿ ಶೈಲಾ", ಒದ್ದೆ ಶೈಲಾ, ಎಂದು ಕೂಗುತ್ತವೆ. ಅದಕ್ಕೇ ಮಗಳನ್ನು ಹಳೇ ಸೀರೆಗಳ ಮೇಲೆ ಮಲಗಿಸಿ, ಯಾರೂ ಏಳುವ ಮೊದಲು ಒಗೆದು ಹಾಕುತ್ತಾಳಂತೆ. ಬಾಲವಾಡಿಯ ಟೀಚರು ಎರಡು ಸಲ ಮನೆಗೆ ಕಳಿಸಿಯಾಗಿದೆ. ಜೂನಿಗೆ ಒಂದನೇ ಕ್ಲಾಸು.

"ಸಾಲ್ಯಾಗೂ ಹಿಂಗ ಮಾಡಿದ್ರ ಹೊರಗ ಹಾಕ್ತಾರ್ರಿ. ನನ್ನಂಗ ಇಕಿನೂ ಮಂದಿ ಮನಿ ಭಾಂಡಿ ತಿಕ್ಕಬೇಕಾಗ್ತದ," ಎಂದು ಅತ್ತಳು.

ಗದರಿದ್ದು ಮನಸ್ಸನ್ನು ಚುಚ್ಚುತ್ತಿತ್ತು. ಮರುದಿನವೇ ಇಬ್ಬರನ್ನೂ ನಮಗೆ ಪರಿಚಯದ ಮಕ್ಕಳ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಗಣಪತಿ ಹಬ್ಬಕ್ಕೆ ನಮ್ಮನೆಗೆ ಊಟಕ್ಕೆ ಬರುವವರು ಅವರು, ಕನ್ನಡ ಮಾತ್ರ ಬಾರದು. ಶಿವಕುಮಾರಿಯ ಹಿಂದಿ ನನ್ನದಕ್ಕಿಂತ ಎಷ್ಟೋ ಚೆನ್ನ. ತರಕಾರಿಯವನ ಜೊತೆ ಜಗಳಕ್ಕೆ ನಾನು ಅವಳನ್ನೇ ಕರೆಯುವುದು. ಆದರೆ ಡಾಕ್ಟರ ಎದುರು ಅವಳಿಗೆ ನಾಲಿಗೆ ಏಳಲಿಲ್ಲ. ನನ್ನ ಕಡೆ ತಿರುಗಿ ಕನ್ನಡದಲ್ಲಿ ಹೇಳುವಳು, ನಾನು ಅದನ್ನು ಹಿಂದಿಯಲ್ಲಿ ಒಪ್ಪಿಸುವೆ.

ಹಗಲು ಎಷ್ಟು ಸಲ ಮೂತ್ರಕ್ಕೆ ಹೋಗುತ್ತಾಳೆ ಎಂದು ಡಾಕ್ಟರು ಕೇಳಿದರು.

"ಭಾಳ ಶಾಣ್ಯಾ ಅದಾಳ್ರಿ. ಮುಂಜಾನಿ ಒಮ್ಮಿ, ನಾ ಮನಿ ಮುಟ್ಟಿದ ಮ್ಯಾಲ ಒಮ್ಮಿ. ಚಾಳಿನ ಸಂಡಾಸ ದೂರ ಅದ, ನಮ್ಮ ಅತ್ತಿ ಕೈಲೆ ಮೆಟ್ಟಲಾ ಇಳಿಯಾಕ ಆಗಂಗಿಲ್ಲ, ಒಬ್ಬಾಕಿನ್ನ ಹೆಂಗ ಕಳಸ್ಲಿ? ತಡಕೊಳ್ಳಾಕ ನಾನೇ ಕಲಿಸೀನಿ. ನಾ ಎಂಟು ತಾಸು ತಡಕೋತೀನಲ್ರಿ."

ತಾಯಿಯಂತೆ ಮಗಳು, ನೂಲಿನಂತೆ ಸೀರೆ. ಆ ಮಾತು ಹೇಳುವಾಗ ಅವಳ ಮುಖದಲ್ಲಿ ಹೆಮ್ಮೆಯಿತ್ತು.

ಡಾಕ್ಟರು ಪೆನ್ನು ಕೆಳಗಿಟ್ಟರು. ಈ ಮಗುವಿಗೆ ತೊಂದರೆ ಶುರುವಾದದ್ದೇ ಅಲ್ಲಿಂದ ಎಂದರು. ದಿನವಿಡೀ ಬಿಗಿಹಿಡಿದು ಮೂತ್ರಚೀಲದ ಹಿಡಿತ ತಪ್ಪಿದೆ, ಜೊತೆಗೆ ಮಲಬದ್ಧತೆ ಬೇರೆ. ಹಿಮ್ಮಡಿಯ ಮೇಲೆ ಕೂರುವುದೂ ತಡೆಯುವುದಕ್ಕೇ. ನೀರು ಚೆನ್ನಾಗಿ ಕುಡಿಸಿ, ಎರಡು ಗಂಟೆಗೊಮ್ಮೆ ಮೂತ್ರಕ್ಕೆ ಕೂರಿಸಿ. ಹೊಡೆಯಬೇಡಿ, ಬೈಯಬೇಡಿ, ಅದು ಬೇಕೆಂದು ಮಾಡುವುದಲ್ಲ. ಇಷ್ಟು ಹೇಳಿ, "ಅದಿರಲಿ, ತಾಯಿ ಯಾಕೆ ಎಂಟು ಗಂಟೆ ತಡೆದುಕೊಳ್ಳುತ್ತಾಳೆ?" ಎಂದು ಕೇಳಿದರು.

ಶಿವಕುಮಾರಿ ನನ್ನ ಮುಖ ನೋಡಿದಳು.

"ಎಲ್ಲಿ ಹೋಗ್ಲಿರಿ? ಐದು ಮನಿ ಸಂಡಾಸ ತೊಳಿತೀನಿ. ನೀನೂ ಹೋಗಿ ಬಾ ಅಂತ ಒಬ್ಬರೂ ಅಂದಿಲ್ಲ. ಅದಕ್ಕ ನೀರೂ ಕುಡಿಯಂಗಿಲ್ಲ, ಚಾನೂ ಕುಡಿಯಂಗಿಲ್ಲ."

ಭೂಮಿ ಬಾಯಿಬಿಡಬಾರದೇ ಎನಿಸಿತು. ಆ ಐದು ಮನೆಗಳಲ್ಲಿ ಮೊದಲನೆಯದು ನನ್ನದು. ಡಾಕ್ಟರು ನನ್ನ ಹಿಂದಿಗಾಗಿ ಕಾಯುತ್ತಿದ್ದರು.

"ಆದತ್ ಹೈ, ಬೋಲ್ತಿ ಹೈ," ಎಂದೆ. ಅಭ್ಯಾಸವಂತೆ, ಅಷ್ಟೇ.

ಅವಳಿಗೆ ಅರ್ಥವಾಗದೆ ಇರುತ್ತದೆಯೇ? ಆದರೂ ತಿದ್ದಲಿಲ್ಲ. ಶೈಲಾಳ ಜಡೆಯ ರಿಬ್ಬನ್ ಬಿಚ್ಚಿ ಮತ್ತೆ ಕಟ್ಟುತ್ತ ಕುಳಿತಳು. ಊರಿಗೆಲ್ಲ ಬುದ್ಧಿ ಹೇಳುವ ನಾನು ಆ ಕುರ್ಚಿಯಲ್ಲೇ ಕೂತು ಡಾಕ್ಟರು ಕೊಟ್ಟ ಚೀಟಿಯನ್ನು ನಾಲ್ಕು ಸಲ ಮಡಚಿದೆ.

ಮರುದಿನ ಎಂಟಕ್ಕೆ ಸರಿಯಾಗಿ ಅವಳು ಪಾತ್ರೆ ಅರ್ಧಕ್ಕೆ ಬಿಟ್ಟು ಮಗಳ ಕೈಹಿಡಿದು ಬಾಗಿಲಿಗೆ ಹೊರಟಳು.

"ಎಲ್ಲಿಗೆ?"

"ಸ್ಟೇಷನ್ ಕಡಿ ಸಂಡಾಸಕ್ರಿ. ಲಗೂನ ಬರ್ತೀವಿ."

"ಬೇಡ. ಇಲ್ಲೇ ಒಳಗೆ ಕರ್ಕೊಂಡು ಹೋಗು. ದಿನಾ ಇಲ್ಲೇ. ನೀನೂ ಹೋಗು ಮಾರಾಯ್ತಿ," ಎಂದೆ. ಒಂಬತ್ತು ವರ್ಷ ಹೇಳದ ಮಾತು. ಹೇಳುವುದಕ್ಕೆ ಅರ್ಧ ನಿಮಿಷವೂ ಹಿಡಿಯಲಿಲ್ಲ.

ಕಮೋಡಿನ ಮೇಲೆ ಮಗುವಿನ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ನಾನು ಮಣೆ ತಂದಿಟ್ಟೆ. ಸ್ವಲ್ಪ ಹೊತ್ತಿಗೆ ಒಳಗಿಂದ, "ಅವ್ವಾ, ಆತು!" ಎಂಬ ಕೂಗು ಕೇಳಿತು. ಶಿವಕುಮಾರಿ ಮಗಳನ್ನು ಹೊರಗೆ ಬಿಟ್ಟವಳೇ ಬ್ರಷ್ ಹಿಡಿದು ಕಮೋಡು, ನೆಲ, ನಲ್ಲಿ, ಕೊನೆಗೆ ಆ ಮಣೆಯನ್ನೂ ತಿಕ್ಕಿ ತೊಳೆದಳು. ಬಿಡು ಎಂದರೂ ಬಿಡಲಿಲ್ಲ.

ಅಂದಿನಿಂದ ಅವಳು ಉಳಿದ ನಾಲ್ಕು ಮನೆ ಮುಗಿಸುವವರೆಗೆ ಶೈಲಾ ನಮ್ಮಲ್ಲೇ. ಗಡಿಯಾರ ನೋಡುವ ಕೆಲಸ ನನ್ನದು. ಮೊದಲ ವಾರ ದಿವಾನ ಮತ್ತೆರಡು ಸಲ ಒದ್ದೆಯಾಯಿತು, ಬಾಯಿ ಮುಚ್ಚಿಕೊಂಡು ನಾನೇ ಒರೆಸಿದೆ. ಜೂನ್ ಬರುವ ಹೊತ್ತಿಗೆ ಹಗಲು ಒದ್ದೆಯಾಗುವುದು ನಿಂತಿತು. ರಾತ್ರಿ ಮಾತ್ರ ವಾರಕ್ಕೆ ಎರಡು ಸಲ ಈಗಲೂ ಉಂಟು. ಶಾಲೆ ಶುರುವಾಗಿ ತಿಂಗಳಾಯಿತು, ಯಾರೂ ಮನೆಗೆ ಕಳಿಸಿಲ್ಲ. ಮೊನ್ನೆ ಯೂನಿಫಾರ್ಮಿನಲ್ಲಿ ಬಂದು ನನ್ನೆದುರು ಒಂದು ಸುತ್ತು ತಿರುಗಿ ತೋರಿಸಿ ಹೋದಳು.

ನಿನ್ನೆ ನಾನು ದೊಡ್ಡ ಲೋಟದ ತುಂಬ ಚಹಾ ಮಾಡಿ ಶಿವಕುಮಾರಿಯ ಮುಂದಿಟ್ಟೆ. "ಪೂರ್ತಿ ಕುಡಿ. ಆಮೇಲೆ ಒಳಗೆ ಹೋಗಿ ಬಾ, ನಾನು ಹೊರಗೆ ಹಾಲ್‌ನಲ್ಲಿ ಇರ್ತೇನೆ," ಎಂದೆ.

ಅವಳು ಎರಡು ಗುಟುಕು ಕುಡಿದು ಲೋಟವನ್ನು ಸಿಂಕಿನ ಪಕ್ಕಕ್ಕೆ ಇಟ್ಟಳು.

"ಬ್ಯಾಡ್ರಿ ಅಕ್ಕಾರ," ಎಂದಳು, ಕಸಬರಿಗೆ ಎತ್ತಿಕೊಳ್ಳುತ್ತ. "ನನಗ ಆದತ್ ಆಗ್ಯಾದ."